ಗಡಿಯಾರ ಪುಂಜದ ಮುಚ್ಚಿದ ತೂತು

ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ಸೂಜಿಯಕ್ಕ ಎಂದೇ ಕರೆಯುತ್ತಾರೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಮನೆಯ ಹಿಂಬದಿಗೆ ಅಂಟಿಕೊಂಡ ಉದ್ದನೆಯ ಕೋಣೆ, ಒಂದು ಬದಿಗೆ ಸಾಲು ಕಿಟಕಿ, ಕಿಟಕಿಗೊಂದು ಮೇಜು. ಅಲ್ಲಿ ತಯಾರಾಗುವುದು ತಾರಾಲಯದ ಯಂತ್ರಗಳಿಗೆ ಬೇಕಾದ ತಗಡು. ಉಗುರಿಗಿಂತ ತೆಳುವಾದ ತಾಮ್ರದ ಹಾಳೆಯಲ್ಲಿ ನಕ್ಷತ್ರಕ್ಕೊಂದರಂತೆ ತೂತು ಚುಚ್ಚಿ, ಅದನ್ನು ಯಂತ್ರದೊಳಗಿನ ದೀಪದ ಮುಂದೆ ಕೂರಿಸಿದರೆ ಗುಮ್ಮಟದ ಒಳಮೈಯಲ್ಲಿ ಆಕಾಶ ಮೂಡುತ್ತದೆ. ದೊಡ್ಡ ತೂತಿಗೆ ದೊಡ್ಡ ನಕ್ಷತ್ರ, ಸಣ್ಣ ತೂತಿಗೆ ಮಂಕು ನಕ್ಷತ್ರ. ಸೂಜಿ ಬುಡದತ್ತ ದಪ್ಪವಾಗುತ್ತ ಹೋಗುವುದರಿಂದ ಒತ್ತಿದಷ್ಟೂ ಬೆಳಕು ಹೆಚ್ಚು. ಒಮ್ಮೆ ಹಿಗ್ಗಿದ ತೂತನ್ನು ಕುಗ್ಗಿಸಲು ಮಾತ್ರ ಯಾರಪ್ಪನಿಂದಲೂ ಆಗದು.

ಸೂಜಿಯಕ್ಕ ಈ ಮನೆಯ ಕಿರಿಸೊಸೆ. ಬಂದ ಹೊಸತರಲ್ಲಿ ಮಾವ ಆಕೆಯ ಕೈ ನೋಡಿ, ‘ನಡುಗಲ್ಲ, ಒಳ್ಳೆ ಕೈ’ ಎಂದು ಮೇಜು ಕೊಟ್ಟರು. ಕೊಟ್ಟದ್ದು ಕೊನೆಯ ಕಿಟಕಿ, ಮೂಲೆ ಮೇಜು. ಕೆಲಸವೂ ಮೂಲೆಯದೇ. ಬೇಟೆಗಾರ, ಸಿಂಹ, ದೊಡ್ಡ ಕರಡಿ ಮುಂತಾದ ನಕ್ಷತ್ರಪುಂಜಗಳನ್ನು ಮಾವ, ಅವರ ನಂತರ ದೊಡ್ಡ ಮಗ ಚುಚ್ಚಿದರು. ಆಕಾಶದ ದಕ್ಷಿಣದ ತುದಿಯಲ್ಲಿ, ಯಾರೂ ತಲೆ ಎತ್ತಿ ನೋಡದ ಕಡೆ ಇರುವ ಮಂಕು ಪುಂಜಗಳು ಆಕೆಯ ಪಾಲಿಗೆ ಬಂದವು. ಕಾರ್ಖಾನೆಯಲ್ಲಿ ಅದಕ್ಕೆ ‘ಮೂಲೆ ಪಾಲು’ ಎಂದೇ ಹೆಸರು. ಹೊಸಬರು ಮೂಲೆ ಪಾಲಿನಿಂದ ಶುರುಮಾಡಿ ಮೇಲೆ ಬರಬೇಕು ಎಂಬುದು ಪದ್ಧತಿ. ಸೂಜಿಯಕ್ಕನ ನಂತರ ಬಂದವರು ಮೇಲಿನ ಮೇಜುಗಳಿಗೆ ಹೋದರು. ಆಕೆಯ ತಲೆಗೂದಲು ನೆರೆಯಿತು, ಮೇಜು ಮೂಲೆಯಲ್ಲೇ ಉಳಿಯಿತು.

ಕೆಲವರಿಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಆಕೆಯದು ಹೊಟ್ಟೆಯ ತಳದಲ್ಲಿ ಕೂತ ಸಿಟ್ಟು. ಅಲ್ಲಿಂದ ಅದು ಕೈಗೆ ಇಳಿಯುತ್ತಿರಲಿಲ್ಲ. ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ, ಕೂದಲೆಳೆಯಂಥ ತೂತುಗಳನ್ನು ಚುಚ್ಚುತ್ತ ಹೋದಳು. ‘ಸಿಟ್ಟು ಬಂದಾಗ ಸೂಜಿ ಹಿಡಿಯಬಾರದು’ ಎಂದು ಮಾವ ಗೋಡೆಯ ಮೇಲೆ ಬರೆಸಿದ್ದರು. ಆ ನಿಯಮ ಪಾಲಿಸಿದ್ದರೆ ದಕ್ಷಿಣದ ಆಕಾಶಕ್ಕೆ ಒಂದು ನಕ್ಷತ್ರವೂ ಸಿಗುತ್ತಿರಲಿಲ್ಲ.

ಮಾವ ಹೋದ ಮೇಲೆ ದೊಡ್ಡ ಮಗನೇ ಯಜಮಾನ. ಸೂಜಿಯಕ್ಕನಿಗೆ ಭಾವ. ಬೇಟೆಗಾರನ ಭುಜ ಚುಚ್ಚುವುದರಲ್ಲಿ ಆತ ಎತ್ತಿದ ಕೈ, ಅದನ್ನು ಆಕೆಯೂ ಅಲ್ಲಗಳೆಯುವುದಿಲ್ಲ. ಆಕೆಯ ಗಂಡ ಮಸೂರ ಉಜ್ಜುವವನು. ಅಣ್ಣ ಹೇಳಿದರೂ ಹೂಂ, ಹೆಂಡತಿ ಹೇಳಿದರೂ ಹೂಂ.

ಆ ವರ್ಷ ಹೊಸ ತಾರಾಲಯವೊಂದರ ಕೆಲಸ ಬಂತು. ಅದರಲ್ಲಿ ದಕ್ಷಿಣದ ತಗಡು ಎಂದಿನಂತೆ ಮೂಲೆ ಮೇಜಿಗೆ ಹೋಯಿತು. ಆ ತಗಡಿನಲ್ಲಿ, ನದಿ ಎಂಬ ಉದ್ದನೆಯ ಪುಂಜದ ದಡಕ್ಕೆ ಒತ್ತಿಕೊಂಡು ಗಡಿಯಾರ ಎಂಬ ಪುಂಜವಿದೆ. ಇದಕ್ಕೆ ಪುರಾಣವಿಲ್ಲ, ಅಜ್ಜಿ ಕಥೆಯಿಲ್ಲ. ಕಡಲು ದಾಟಿ ದಕ್ಷಿಣಕ್ಕೆ ಹೋದ ಒಬ್ಬ ಖಗೋಳಜ್ಞ ಖಾಲಿ ಜಾಗಕ್ಕೆ ಇಟ್ಟ ಹೆಸರು ಅಷ್ಟೇ. ಇಡೀ ಪುಂಜದಲ್ಲಿ ಸುಮಾರಾಗಿ ಕಣ್ಣಿಗೆ ಬೀಳುವುದು ಕಿತ್ತಳೆ ಛಾಯೆಯ ಒಂದೇ ಒಂದು ನಕ್ಷತ್ರ. ಅದೂ ಬೇರೆ ಪುಂಜದಲ್ಲಿದ್ದರೆ ಲೆಕ್ಕಕ್ಕೆ ಬರುವಂಥದ್ದಲ್ಲ. ಉಳಿದವು ಊರ ದೀಪದ ಮುಂದೆ ಇದ್ದೂ ಇಲ್ಲದಂತೆ.

ಅವುಗಳಲ್ಲಿ ಒಂದು ಮಾತ್ರ ಸೂಜಿಯಕ್ಕನ ತಲೆ ಹೊಕ್ಕು ಕೂತಿತ್ತು. ಅದು ಬೆಳಗಿ ಆರುವ ನಕ್ಷತ್ರ. ಬೆಳಗಿದಾಗ ಕತ್ತಲೆಯ ಊರಿನಲ್ಲಿ ಬರಿಗಣ್ಣಿಗೇ ಕಾಣುತ್ತದೆ, ಆರಿದಾಗ ಒಳ್ಳೆಯ ದೂರದರ್ಶಕವೇ ಬೇಕು. ಒಂದು ಸುತ್ತು ಮುಗಿಯಲು ವರ್ಷಕ್ಕಿಂತ ಸ್ವಲ್ಪ ಹೆಚ್ಚು. ಇಂಥದ್ದಕ್ಕೆ ಎಷ್ಟು ದೊಡ್ಡ ತೂತು? ಮಾವನ ಕಾಲದಿಂದಲೂ ಉತ್ತರ ಒಂದೇ: ತೂತೇ ಬೇಡ.

ಈ ಸಲ ಆಕೆ ತೂತು ಚುಚ್ಚಿದಳು. ಅದರ ಬೆನ್ನಿಗೆ, ಸೊಳ್ಳೆಯ ರೆಕ್ಕೆಯಷ್ಟು ಚಿಕ್ಕದೊಂದು ತಗಡಿನ ರೆಕ್ಕೆ ಕೂರಿಸಿದಳು. ಹೊರಗಿನ ತಿರುಪು ತಿರುಗಿಸಿದರೆ ರೆಕ್ಕೆ ಸರಿದು ನಕ್ಷತ್ರ ಬೆಳಗಬೇಕು, ಮತ್ತೆ ತಿರುಗಿಸಿದರೆ ಆರಬೇಕು. ಎಷ್ಟೋ ರೆಕ್ಕೆಗಳು ಮುರಿದು ಕಸದ ಡಬ್ಬಿ ಸೇರಿದ ಮೇಲೆ ಒಂದು ನಿಂತಿತು. ಗಂಡನನ್ನು ಕರೆದು ತೋರಿಸಿದಳು. ಆತ ಕಣ್ಣು ಕಿರಿದು ಮಾಡಿ ನೋಡಿ, ‘ಹೂಂ, ಉಸಿರಾಡ್ತಿದೆ ಕಣೇ’ ಎಂದ. ಮದುವೆಯಾದಂದಿನಿಂದ ಆತ ಆಡಿದ್ದರಲ್ಲಿ ಅಷ್ಟು ಒಳ್ಳೆಯ ಮಾತು ಇನ್ನೊಂದಿಲ್ಲ.

ತಗಡು ಸಾಗಿಸುವ ದಿನ ಬೆಳಿಗ್ಗೆ ಒಂದೇ ಕೆಲಸ ಬಾಕಿಯಿತ್ತು. ಪ್ರತಿ ಪುಂಜದ ಅತಿ ದೊಡ್ಡ ನಕ್ಷತ್ರವನ್ನು ಅಲ್ಲಿ ಕೊನೆಗೆ ಚುಚ್ಚುತ್ತಾರೆ. ದೊಡ್ಡ ತೂತು ಮೊದಲೇ ಆದರೆ ಹಾಳೆ ಸಡಿಲವಾಗುತ್ತದೆ. ಗಡಿಯಾರದ ಕಿತ್ತಳೆ ನಕ್ಷತ್ರ ಆ ಬೆಳಗಿಗೆ ಉಳಿದಿತ್ತು. ಸೂಜಿಯಕ್ಕ ಹಾಳೆಯನ್ನು ಕಿಟಕಿಗೆ ಹಿಡಿದಳು. ಬೆಳಗಿ ಆರುವ ನಕ್ಷತ್ರದ ಜಾಗ ಕಪ್ಪಗಿತ್ತು. ತಿರುಪು ತಿರುಗಿಸಿದರೂ ಕಪ್ಪೇ. ಬೆನ್ನು ತಿರುಗಿಸಿ ನೋಡಿದರೆ ರೆಕ್ಕೆಯಿಲ್ಲ. ತೂತಿನ ಮೇಲೆ ಅರಗಿನ ಬೊಟ್ಟು.

‘ಭಾವ, ಇದನ್ನ ಯಾರು ಮುಚ್ಚಿದ್ದು?’

ಭಾವ ಪೆಟ್ಟಿಗೆಗೆ ಹತ್ತಿ ತುಂಬುತ್ತಿದ್ದ. ತಲೆ ಎತ್ತಲಿಲ್ಲ.

‘ನಾನೇ. ನಿನ್ನೆ ಸಂಜೆ.’

‘ಯಾಕೆ?’

‘ನೋಡಮ್ಮ, ಅಲ್ಲಾಡೋ ಸಾಮಾನು ಇಟ್ರೆ ನಾಳೆ ಕೆಟ್ಟೋಯ್ತು ಅಂತ ವಾಪಸ್ ಬರುತ್ತೆ. ಅಷ್ಟಕ್ಕೂ ಅದನ್ನ ನೋಡೋರು ಯಾರು?’

‘ಒಂದು ಮಾತು ಕೇಳಬಹುದಿತ್ತಲ್ಲ.’

‘ಕೇಳಿದ್ರೆ ನೀನು ಬೇಡ ಅಂತಿದ್ದೆ.’

ಟೀ ತಂದಿದ್ದ ಓರಗಿತ್ತಿ, ಅಂದರೆ ಭಾವನ ಹೆಂಡತಿ, ಬಾಗಿಲಲ್ಲೇ ನಿಂತಳು. ‘ಹೋಗ್ಲಿ ಬಿಡೇ, ಇರೋ ನಕ್ಷತ್ರಗಳೇ ಸಾಕು. ಒಂದು ಕಮ್ಮಿಯಾದ್ರೆ ಆಕಾಶವೇನು ಕಳಚಿ ಬೀಳುತ್ತಾ?’

‘ನಿಮ್ಮೆಜಮಾನ್ರು ಬೇಟೆಗಾರನ ಬೆಲ್ಟಿನಲ್ಲಿ ಒಂದು ಕಮ್ಮಿ ಮಾಡ್ಲಿ ಅಕ್ಕ, ಆಮೇಲೆ ಮಾತಾಡೋಣ’ ಎಂದಳು ಸೂಜಿಯಕ್ಕ. ಗಂಡನ ಕಡೆ ನೋಡಿದಳು. ಆತ ಮಸೂರವನ್ನು ಉಜ್ಜುತ್ತಲೇ ಇದ್ದ. ಹೂಂ ಕೂಡ ಬರಲಿಲ್ಲ.

ಆಕೆ ಮೇಜಿಗೆ ಕೂತು ಕಿತ್ತಳೆ ನಕ್ಷತ್ರಕ್ಕೆ ಸೂಜಿ ಇಟ್ಟಳು. ಹಳೆಯ ಸಿಟ್ಟನ್ನು ಎಲ್ಲಿಡಬೇಕೆಂದು ಆಕೆಗೆ ಗೊತ್ತಿತ್ತು. ಇದು ಹೊಸದು, ನೇರ ಕೈಗೆ ಇಳಿಯಿತು. ಹಾಳೆ ಚಿಟ್ಟೆಂದದ್ದು ಬೆರಳಿಗೆ ತಿಳಿಯಿತು. ಭೂತಗನ್ನಡಿಯಲ್ಲಿ ನೋಡಿದಳು. ತೂತು ಬಾಯಿ ತೆರೆದು ಕೂತಿತ್ತು.

ಹೊರಗೆ ವ್ಯಾನ್ ಹಾರ್ನ್ ಹೊಡೆಯಿತು. ‘ಮುಗೀತಲ್ಲ, ಕೊಡು ಇಲ್ಲಿ’ ಎಂದು ಭಾವ ಹಾಳೆ ಎತ್ತಿಕೊಂಡ. ಮೂಲೆ ಪಾಲನ್ನು ಬೆಳಕಿಗೆ ಹಿಡಿದು ನೋಡುವ ಪದ್ಧತಿ ಆತನಿಗಿರಲಿಲ್ಲ. ನಿಲ್ಲಿಸಿ ಎನ್ನಬಹುದಿತ್ತು. ಆಕೆ ಬಾಯಿ ಬಿಡಲಿಲ್ಲ. ನೋಡದೆ ಒಯ್ಯುವವನು ಒಯ್ಯಲಿ ಎಂದುಕೊಂಡಳು.

ಪರೀಕ್ಷೆಯ ದಿನ ಭಾವ, ಸೂಜಿಯಕ್ಕ, ಆಕೆಯ ಗಂಡ ಮೂವರೂ ತಾರಾಲಯಕ್ಕೆ ಹೋದರು. ಬಣ್ಣದ ವಾಸನೆ ಇನ್ನೂ ಆರದ ಗುಮ್ಮಟ, ಪ್ಲಾಸ್ಟಿಕ್ ಬಿಚ್ಚದ ಕುರ್ಚಿಗಳು. ಪ್ರದರ್ಶನ ನಡೆಸಿಕೊಡಬೇಕಾದವರನ್ನು ಅಲ್ಲಿ ಮೇಷ್ಟ್ರು ಎನ್ನುತ್ತಾರೆ. ಹಿಂದೆ ಶಾಲೆಯಲ್ಲಿ ಪಾಠ ಹೇಳಿದವರು. ಅವರು ಬಾಗಿಲು ಹಾಕಿಸಿ ದೀಪ ಆರಿಸಿದರು. ಬೇಟೆಗಾರ ಮೂಡಿದಾಗ ಅವರ ಬಾಯಿಂದ ‘ಆಹಾ’ ಹೊರಟಿತು. ಭಾವ ಗಂಟಲು ಸರಿಮಾಡಿಕೊಂಡ.

ಆಮೇಲೆ ದಕ್ಷಿಣ ಬಂತು. ಮಂಕು ಚುಕ್ಕಿಗಳ ನಡುವೆ ಒಂದು ನಕ್ಷತ್ರ ಟಾರ್ಚಿನಂತೆ ಉರಿಯುತ್ತಿತ್ತು.

‘ಅರೆ! ಇದ್ಯಾವುದು?’ ಎಂದರು ಮೇಷ್ಟ್ರು.

ಕತ್ತಲಲ್ಲಿ ಭಾವನ ಮುಖ ಕಾಣಲಿಲ್ಲ. ಆತ ತಡವರಿಸಿದ್ದು ಅರೆಕ್ಷಣ ಅಷ್ಟೇ.

‘ಅದು ನಾನೇ ಹೇಳಿ ಮಾಡಿಸಿದ್ದು ಸಾರ್. ಆ ಕಡೆ ಬಣಬಣ ಅನ್ಸುತ್ತೆ ನೋಡಿ. ಜನಕ್ಕೆ ನೋಡೋಕೆ ಏನಾದ್ರೂ ಬೇಕಲ್ವಾ ಅಂತ ಗಡಿಯಾರದ ನಕ್ಷತ್ರಾನ ಸ್ವಲ್ಪ ಎತ್ತಿ ಕೊಟ್ಟೆ.’

‘ಒಳ್ಳೇದೇ ಆಯ್ತು’ ಎಂದರು ಮೇಷ್ಟ್ರು ಖುಷಿಯಿಂದ. ‘ದಕ್ಷಿಣಕ್ಕೆ ಬಂದಾಗ ನನಗೂ ತೋರ್ಸೋಕೆ ಒಂದು ಸಿಕ್ತು.’

ಬೈಗುಳಕ್ಕೆ ಆಕೆ ತಯಾರಾಗಿ ಬಂದಿದ್ದಳು. ಎಲ್ಲರೆದುರು ಮಾನ ಹೋಗುತ್ತದೆ, ಹೋಗಲಿ ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿಮಾಡಿಕೊಂಡಿದ್ದಳು. ಇದಕ್ಕೆ ತಯಾರಿರಲಿಲ್ಲ. ಆಕೆ ಸರಿಯಾಗಿ ಮಾಡಿದ್ದನ್ನು ಆತ ಅರಗು ಹಾಕಿ ಮುಚ್ಚಿದ್ದ. ಈಗ ಕೆಡಿಸಿದ್ದನ್ನೂ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಇನ್ನು ಈ ಗುಮ್ಮಟ ಇರುವ ತನಕ ಆ ಸುಳ್ಳು ನಕ್ಷತ್ರ ಅಲ್ಲಿ ಉರಿಯುತ್ತದೆ, ನಿಜದ್ದು ಅರಗಿನ ಕೆಳಗೆ ಇರುತ್ತದೆ.

‘ಅದು ತಪ್ಪು’ ಎಂದಳು. ದನಿ ಗುಮ್ಮಟಕ್ಕೆ ಬಡಿದು ದೊಡ್ಡದಾಗಿ ವಾಪಸು ಬಂತು. ಗಂಡ ಆಕೆಯ ತೋಳು ಹಿಡಿದ. ಕೊಡವಿಕೊಂಡಳು.

‘ತಪ್ಪು ನನ್ನದು. ಸಿಟ್ಟಿನಲ್ಲಿ ಒತ್ತಿಬಿಟ್ಟೆ. ಅಷ್ಟು ದೊಡ್ಡ ನಕ್ಷತ್ರ ಅಲ್ಲಿಲ್ಲ.’

‘ಏನಮ್ಮ ನೀನು, ಮನೆಗೆ ಹೋಗಿ ಮಾತಾಡೋಣ’ ಎಂದ ಭಾವ.

‘ಮನೇಲಿ ಮಾತಾಡೋಕೆ ನನಗೆ ಬಾಯಿ ಎಲ್ಲಿತ್ತು? ನನ್ನ ಕೆಲಸ ಮುಚ್ಚಿದ್ರಿ, ಸುಮ್ಮನಿದ್ದೆ. ನನ್ನ ತಪ್ಪನ್ನಾದ್ರೂ ನನಗೆ ಬಿಡಿ, ಭಾವ. ಅದನ್ನೂ ನಿಮ್ಮದು ಮಾಡ್ಕೋಬೇಡಿ.’

ಮೇಷ್ಟ್ರು ದೀಪ ಹಾಕಿಸಿದರು. ಬೆಳಕಿನಲ್ಲಿ ಎಲ್ಲರ ಮುಖವೂ ನೋಡಲಾಗದಂತಿತ್ತು.

‘ಏನು ಮುಚ್ಚಿದ್ದು?’ ಎಂದು ಅವರು ಮೆಲ್ಲಗೆ ಕೇಳಿದರು.

ಆಕೆ ಹೇಳಿದಳು. ರೆಕ್ಕೆ, ತಿರುಪು, ಅರಗು. ಹೇಳುವಾಗ ದನಿ ನಡುಗಿತು, ಅದಕ್ಕೂ ಆಕೆಗೆ ಸಿಟ್ಟು ಬಂತು. ಮೇಷ್ಟ್ರು ಕೇಳಿಸಿಕೊಂಡು, ‘ಆ ನಕ್ಷತ್ರದ ವಿಷಯ ಓದಿದೀನಿ. ಇದರಲ್ಲಿ ತೋರ್ಸಬಹುದು ಅಂತ ಹೊಳೆದಿರ್ಲಿಲ್ಲ’ ಎಂದರು.

‘ಸಾರ್, ಉದ್ಘಾಟನೆ ಈ ವಾರವೇ ಇದೆ. ಹೊಸ ತಗಡು ಅಷ್ಟರಲ್ಲಿ ಆಗಲ್ಲ’ ಎಂದ ಭಾವ.

‘ಆಗಲ್ಲ’ ಎಂದು ಆಕೆಯೂ ಒಪ್ಪಿದಳು. ‘ಇದನ್ನ ಬಿಚ್ಚಿಬಿಡಿ. ಆ ಭಾಗ ಕತ್ತಲಾಗಿರಲಿ.’

ಮೇಷ್ಟ್ರು ಗುಮ್ಮಟದ ಕಡೆಗೊಮ್ಮೆ, ಆಕೆಯ ಕಡೆಗೊಮ್ಮೆ ನೋಡಿದರು. ‘ಬಂದೋರು ಕೇಳಿದ್ರೆ ಏನು ಹೇಳ್ಲಿ?’

‘ಕೆಲಸ ನಡೀತಿದೆ ಅನ್ನಿ.’

ಉದ್ಘಾಟನೆಯ ದಿನ ಗುಮ್ಮಟದ ದಕ್ಷಿಣದಲ್ಲಿ ತುಂಡೊಂದು ಕತ್ತರಿಸಿ ತೆಗೆದಂತೆ ಕಪ್ಪಾಗಿತ್ತಂತೆ. ಭಾವ ಹೋಗಿ ಮುಖ ಗಂಟಿಕ್ಕಿಕೊಂಡು ಬಂದ. ಸೂಜಿಯಕ್ಕ ಹೋಗಲಿಲ್ಲ. ಮೂಲೆ ಮೇಜನ್ನು ತಾನೇ ಎಳೆದು ಮೊದಲ ಕಿಟಕಿಗೆ, ಒಳ್ಳೆ ಬೆಳಕು ಬೀಳುವಲ್ಲಿಗೆ ತಂದು ಹಾಕಿದ್ದಳು. ಮಾವನ ಕಾಲದಿಂದ ಅಲ್ಲಿದ್ದ ಭಾವನ ಮೇಜು ಒಂದು ಮಾರು ಆಚೆ ಸರಿದಿತ್ತು. ಎಳೆಯುವಾಗ ಇನ್ನೊಂದು ತುದಿ ಹಿಡಿದವನು ಆಕೆಯ ಗಂಡ. ಯಾರೂ ಕರೆದಿರಲಿಲ್ಲ.

‘ಸಿಟ್ಟು ಇಳೀತಾ?’ ಎಂದು ಆತ ಕೇಳಿದ.

‘ಇಲ್ಲ.’

ಆತ ಗೋಡೆಯ ಮೇಲಿನ ಬರಹ ನೋಡಿದ.

‘ಅದನ್ನ ಬರೆಸಿದೋರಿಗೆ ಸಿಟ್ಟು ಬಂದಾಗ ಎದ್ದು ಹೋಗೋ ಅನುಕೂಲ ಇತ್ತು’ ಎಂದಳು ಆಕೆ. ಹೊಸ ಹಾಳೆಯನ್ನು ಚೌಕಟ್ಟಿಗೆ ಬಿಗಿದು, ಅತಿ ಸಣ್ಣ ಸೂಜಿ ಆರಿಸಿಕೊಂಡಳು.

ಭಾವ ಒಳಗೆ ಬಂದವನು ಮೇಜುಗಳನ್ನು ನೋಡಿದ. ಆಕೆಯ ಹೆಗಲ ಹಿಂದೆ ಬಂದು ನಿಂತ. ಹಾಳೆಯ ಮೇಲೆ ನೆರಳು ಬಿತ್ತು.

‘ಭಾವ, ಬೆಳಕಿಗೆ ಅಡ್ಡ ನಿಂತಿದೀರಿ.’

ಆತ ಅರ್ಧ ಹೆಜ್ಜೆ ಸರಿದ.

‘ಇನ್ನೂ ಸ್ವಲ್ಪ’ ಎಂದಳು, ಸೂಜಿಯಿಂದ ಕಣ್ಣು ತೆಗೆಯದೆ.