ಬೆಡ್‌ಶೀಟುಗಳ ಅಡಿಯ ಗಿಡ

ಬಟ್ಟೆ ಒಗೆಯುವ ಅವಳನ್ನು ಬೀದಿಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷಗಳಿಂದ ಲಾಡ್ಜುಗಳ ಬೆಡ್‌ಶೀಟು ಒಗೆದ ಅಕ್ಕನಿಗೆ ಲೋಕದಲ್ಲಿ ಬಿಸಿಲಿಗಿಂತ ದೊಡ್ಡದು ಯಾವುದೂ ಇರಲಿಲ್ಲ. ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಆಕಾಶ ನೋಡುತ್ತಿದ್ದಳು.

ಹಾಗಾಗಿ ನರ್ಸರಿಯ ಕಾವಲುಗಾರ ಮೊಣಕಾಲೆತ್ತರದ ಗಿಡವೊಂದನ್ನು ತಂದು, "ತಗೋ ಅಕ್ಕಾ, ನಮ್ಮ ಮಳೆಕಾಡಿಂದೇ. ಕೆಂಪು ಗೊಂಚಲು ಬಿಡುತ್ತೆ, ಚೆನ್ನಾಗಿ ನೋಡ್ಕೋ" ಎಂದಾಗ, ಅವಳು ಅಂಗಳದಲ್ಲಿ ಅತಿ ಹೆಚ್ಚು ಬಿಸಿಲು ಬೀಳುವ ಜಾಗ ಹುಡುಕಿ ನೆಟ್ಟಳು. ಅಲ್ಲಿದ್ದ ಹಗ್ಗವನ್ನೂ ಬಿಚ್ಚಿದಳು.

ಅವಳ ಅತ್ತೆಗೆ ಮೈಯೆಲ್ಲ ಉರಿಯಿತು. "ಬಟ್ಟೆ ಒಣಗೋ ಜಾಗದಲ್ಲಿ ಗಿಡಕ್ಕೆ ಸಿಂಹಾಸನ!"

ಮೂರು ವರ್ಷವಾದರೂ ಒಂದು ಮೊಗ್ಗಿಲ್ಲ. ಎಲೆಗಳ ಅಂಚು ಇಸ್ತ್ರಿ ತಾಗಿದಂತೆ ಕಂದಿ ಮುರುಟುತ್ತಿತ್ತು. ನೆರಳು ಬೀಳುತ್ತದೆಂದು ಅಕ್ಕ ಪಕ್ಕದ ಮರದ ಕೊಂಬೆಯನ್ನೂ ಕಡಿಸಿದಳು.

"ಈ ವರ್ಷ ಹೂ ಬಿಟ್ರೆ ಸರಿ," ಎಂದರು ಅತ್ತೆ. "ಇಲ್ಲಾಂದ್ರೆ ನಾನೇ ಕಿತ್ತು ಹಾಕ್ತೀನಿ."

"ಬಿಡುತ್ತೆ ಅತ್ತೆ."

"ಮೂರು ವರ್ಷದಿಂದ ಇದೇ ರಾಗ!"

ಅಷ್ಟರಲ್ಲಿ ಹೊಸ ಲಾಡ್ಜಿನಿಂದ ದಿನಕ್ಕೆ ಅರವತ್ತು ಬೆಡ್‌ಶೀಟು ಬರತೊಡಗಿದವು. ಸೊಸೆ ಪೇಟೆಗೆ ಹೋದ ಹೊತ್ತು ನೋಡಿ ಅತ್ತೆ ಗಿಡದ ತಲೆಯ ಮೇಲೇ ಎರಡು ಸಾಲು ಹಗ್ಗ ಬಿಗಿದು, ಒದ್ದೆ ಶೀಟು ಹರವಿಬಿಟ್ಟರು. ತಿರುಗಿ ಬಂದ ಅಕ್ಕನ ಕಣ್ಣು ತುಂಬಿತು. ಬಿಸಿಲಿಲ್ಲದೆ ಇನ್ನೇನು ಬದುಕೀತು? ಆದರೆ ಬಂದ ಕೆಲಸ ಬಿಡುವಂತಿರಲಿಲ್ಲ.

ಗಿಡ ಸಾಯಲಿಲ್ಲ. ಹಗಲೆಲ್ಲ ಬಿಳಿ ನೆರಳು, ಮೇಲಿಂದ ತೊಟತೊಟ ಹನಿ. ಹೊಸ ಎಲೆಗಳು ಮಿರಮಿರ ಮಿಂಚಿದವು. ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ, ಶೀಟು ಸರಿಸಿದ ಅಕ್ಕ ಕಿರುಚಿಕೊಂಡಳು. ಒಂದಲ್ಲ, ಏಳು ಗೊಂಚಲು!

ಕಾವಲುಗಾರ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ದೊಡ್ಡ ಮರಗಳ ಅಡಿ ಬೆಳೆಯೋ ಗಿಡ ಇದು. ನೆರಳು, ತೇವ ಬೇಕು. ಬಿಸಿಲಿಗ್ಯಾಕೆ ಇಟ್ಟೆ?"

"ಚೆನ್ನಾಗಿ ನೋಡ್ಕೋ ಅಂದ್ಯಲ್ಲಪ್ಪ!"

"ಅವಳು ನೋಡ್ಕೊಂಡಳು, ಹೂ ಬಿಡಿಸಿದ್ದು ನಾನು," ಎಂದರು ಅತ್ತೆ.

ಮುಂದಿನ ವಾರ ಹಬ್ಬಕ್ಕೆಂದು ಲಾಡ್ಜುಗಳಿಗೆಲ್ಲ ಸುಣ್ಣ ಬಣ್ಣ. ಒಂದು ಶೀಟೂ ಬರಲಿಲ್ಲ. ಸುಡುಬಿಸಿಲಿನಲ್ಲಿ ಗಿಡದ ಮೇಲೆ ಖಾಲಿ ಹಗ್ಗವಷ್ಟೇ ಇದೆಯೆಂದು ನೆನಪಾಗಿ ಅಕ್ಕ ಹಿತ್ತಲಿಂದ ಓಡಿ ಬಂದರೆ, ಅತ್ತೆ ತಮ್ಮ ಹಾಸಿಗೆಯ ಶೀಟನ್ನೇ ನೆನೆಸಿ, ಹಿಂಡದೆ, ಗಿಡದ ಮೇಲೆ ಹರವುತ್ತಿದ್ದರು.

"ನಿನ್ನೆ ತಾನೇ ಒಗೆದಿದ್ನಲ್ಲ ಅತ್ತೆ?"

"ಕೊಳೆಯಾಗಿತ್ತು," ಎಂದರು ಅತ್ತೆ, ಸೊಸೆಯ ಮುಖ ನೋಡದೆ. "ನಗೋದು ಸಾಕು, ಆ ತುದಿ ಹಿಡಿ. ಹೂವಿಗೆ ತಾಗಬಾರದು."