ಆಯಿ ಮೀಯಿಸಿದ ಬುದ್ಧ

ನಮ್ಮ ಮನೆಯ ಹೊರಕೋಣೆಯಲ್ಲಿ ಪ್ರತಿ ಚಳಿಗಾಲ ಮೂರು ನಾಲ್ಕು ತಿಂಗಳು ಒಬ್ಬ ಬುದ್ಧ ಇರುತ್ತಿದ್ದ. ಗೇಣುದ್ದದ ತಾಮ್ರದ ಮೂರ್ತಿ. ಅದರ ಒಡತಿ ಮುಂಡಗೋಡದ ಹತ್ತಿರದ ಟಿಬೆಟಿಯನ್ ಕ್ಯಾಂಪಿನವಳು. ದೀಪಾವಳಿ ಮುಗಿಯುತ್ತಲೇ ಶಿರಸಿಗೆ ಬಂದು ರಸ್ತೆಯ ಬದಿಯಲ್ಲಿ ಸ್ವೆಟರ್ ಅಂಗಡಿ ಹಾಕುವಳು, ಶಿವರಾತ್ರಿಯ ಹೊತ್ತಿಗೆ ಗಂಟು ಕಟ್ಟುವಳು. ಹೀಗೆ ಇಪ್ಪತ್ತು ವರ್ಷ ನಮ್ಮಲ್ಲೇ ಉಳಿದಳು. ನನ್ನ ಮಕ್ಕಳು ಸಣ್ಣವರಿದ್ದಾಗ ‘ಸ್ವೆಟರ್ ಅಕ್ಕ’ ಎಂದು ಕರೆದದ್ದು ಅವಳ ಹೆಸರೇ ಆಗಿಹೋಯಿತು. ನನ್ನ ತಾಯಿ ಮಾತ್ರ ಮನೆಮಗಳನ್ನು ಕರೆದ ಹಾಗೆ ‘ಕೂಸೇ’ ಎನ್ನುತ್ತಿದ್ದಳು. ತಾಯಿಯನ್ನು ನಾವು ಆಯಿ ಎನ್ನುತ್ತೇವೆ, ಸ್ವೆಟರ್ ಅಕ್ಕನಿಗೂ ಅವಳು ಆಯಿಯೇ.

ಬುದ್ಧನ ಮೈ ತಾಮ್ರದ್ದಾದರೂ ಮುಖಕ್ಕೆ ಬಂಗಾರದ ಬಣ್ಣ ಬಳಿದಿತ್ತು. ಕೂದಲಿಗೆ ನೀಲಿ, ತುಟಿಗೆ ಕೆಂಪು, ಎಳೆಯಷ್ಟು ಸಪೂರ ಗೆರೆಯಲ್ಲಿ ಬರೆದ ಅರೆಮುಚ್ಚಿದ ಕಣ್ಣು. ತುಪ್ಪದ ದೀಪದ ಹೊಗೆ ಕುಡಿದು ಬಂಗಾರವೆಲ್ಲ ಮಂಕಾಗಿತ್ತು. ನಾನು ಯಲ್ಲಾಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದವನು. ಇಂಥ ಮೂರ್ತಿ ಕಣ್ಣಿಗೆ ಬಿದ್ದರೆ ನನ್ನ ಬಾಯಿ ಸುಮ್ಮನಿರುತ್ತದೆಯೇ? ಬಲಗೈ ಮೊಣಕಾಲಿನ ಮೇಲಿಂದ ಕೆಳಗಿಳಿದಿದೆಯಲ್ಲ, ಅದು ಭೂಮಿಯನ್ನು ಸಾಕ್ಷಿಗೆ ಕರೆಯುವ ಮುದ್ರೆ ಎಂದು ಆಯಿಗೆ ಉಪನ್ಯಾಸ ಕೊಟ್ಟೆ. ಆಯಿ ಪೂರ್ತಿ ಕೇಳಿಸಿಕೊಂಡಳು.

“ಅದೆಲ್ಲ ಇರ್ಲಿ ತಮಾ. ಯಂಗೆ ಕಾಣ್ತು, ಊಟ ಆತು, ಕೈ ತೊಳೆಯಲೆ ನೀರು ಬತ್ತಿಲ್ಲೆ ಹೇಳಿ ಕಾಯ್ತಾ ಕೂತಿದ್ದ. ತೊಡೆ ಮೇಲೆ ಬಟ್ಟಲು ಬೇರೆ ಇದ್ದಲ.”

ಸ್ವೆಟರ್ ಅಕ್ಕ ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡಳು. ನನಗೆ ಮಾತ್ರ ಸಿಟ್ಟು ಬಂತು. ನನಗೆ ಸಿಟ್ಟು ಬರಲು ದೊಡ್ಡ ಕಾರಣ ಬೇಕಿಲ್ಲ, ಮನೆಯವರಿಗೆಲ್ಲ ಗೊತ್ತಿರುವ ವಿಷಯ. ಇನ್ನೊಮ್ಮೆ ಪಕ್ಕದ ಮನೆಯ ಬಟ್ಟೆ ವ್ಯಾಪಾರಿ, ಬನವಾಸಿ ಕಡೆಯವರು, ಬಾಗಿಲಲ್ಲೇ ನಿಂತು ನೋಡಿ ಕೈಮುಗಿದರು. “ಥೇಟ್ ನಮ್ಮ ಮಠದ ಅಜ್ಜಾರು ಕುಂತಂಗ ಕುಂತಾನ ನೋಡ್ರಿ” ಅಂದರು. ನಾನು ಅವರಿಗೂ ಮುದ್ರೆಯ ವಿಚಾರ ಶುರುಮಾಡಿದೆ. ಅಂಗಡಿ ತೆಗೆಯಬೇಕು ಎಂದು ಅವರು ಹೊರಟೇಬಿಟ್ಟರು.

ಮೂರು ವರ್ಷದ ಹಿಂದಿನ ಮಾತು. ಸಂಕ್ರಾಂತಿಗೆ ಇನ್ನು ನಾಲ್ಕು ದಿನ ಇತ್ತು. ಸ್ವೆಟರ್ ಅಕ್ಕನ ಗಂಡ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ ಎಂದು ಕ್ಯಾಂಪಿನಿಂದ ಫೋನ್ ಬಂತು. ಅವಳು ಕೈಚೀಲ ಹಿಡಿದು ಹೊರಟಳು. ಹೋಗುವಾಗ ಕೋಣೆಯ ಬೀಗದಕೈಯನ್ನು ಆಯಿಯ ಕೈಗೆ ಕೊಟ್ಟಳು.

“ಆಯಿ, ಬೆಳಿಗ್ಗೆ ಬಟ್ಟಲಿಗೆ ನೀರು ಇಡಿ, ಸಾಯಂಕಾಲ ಚೆಲ್ಲಿ. ಮತ್ತೇನೂ ಬೇಡ.”

ಬುದ್ಧನ ಮುಂದೆ ಸಾಲಾಗಿ ಏಳು ಸಣ್ಣ ಬಟ್ಟಲು ಇರುತ್ತಿದ್ದವು. ದಿನಾ ಅದಕ್ಕೆ ಶುದ್ಧ ನೀರು ತುಂಬಿಡುವುದು ಅವರ ಪದ್ಧತಿ. ಆಯಿ ಮೂರು ದಿನ ಮಿಂದು ಮಡಿಯಲ್ಲಿ ನೀರು ತುಂಬಿಟ್ಟಳು. ಮೂರು ದಿನವೂ ಅವಳ ತಲೆಯಲ್ಲಿ ಏನು ಓಡಿತೆಂದು ಈಗ ನನಗೆ ಅರ್ಥವಾಗುತ್ತದೆ. ನಮ್ಮ ಮನೆಯಲ್ಲಿ ದೇವರಿಗೆ ದಿನಾ ಸ್ನಾನ. ಹಬ್ಬದ ಮುನ್ನಾದಿನ ದೇವರ ಸಾಮಾನೆಲ್ಲ ಹೊರಗೆ ಬಂದು, ಹುಣಸೆಹಣ್ಣು, ಬೂದಿ, ತೆಂಗಿನ ನಾರಿನಲ್ಲಿ ತಿಕ್ಕಿಸಿಕೊಂಡು ಫಳಫಳ ಹೊಳೆಯುತ್ತ ಒಳಗೆ ಹೋಗಬೇಕು. ಮೀಯದ ದೇವರೆಂದರೆ ಯಾರೂ ಕೇಳುವವರಿಲ್ಲದ ದೇವರು. ಎದುರಿಗೆ ಏಳು ಬಟ್ಟಲು ನೀರಿಟ್ಟು ತಲೆಯ ಮೇಲೆ ಒಂದು ಹನಿ ಹಾಕದಿದ್ದರೆ ಹೇಗೆ?

ಸಂಕ್ರಾಂತಿಯ ಮುನ್ನಾದಿನ ನಾನು ಸಿದ್ದಾಪುರದ ಶಾಲೆಯೊಂದಕ್ಕೆ ಚಿತ್ರಸ್ಪರ್ಧೆಯ ತೀರ್ಪುಗಾರನಾಗಿ ಹೋಗಿದ್ದೆ. ಮಧ್ಯಾಹ್ನ ಬಂದು ನೋಡಿದರೆ ತುಳಸಿಕಟ್ಟೆಯ ಮೇಲೆ ನಮ್ಮ ದೀಪ, ಹರಿವಾಣ, ಗಂಟೆಗಳ ನಡುವೆ ಬುದ್ಧ ಬಿಸಿಲು ಕಾಯಿಸುತ್ತ ಕೂತಿದ್ದಾನೆ. ಅಡಿಯಿಂದ ಮುಡಿಯವರೆಗೆ ಕೆಂಪು ತಾಮ್ರ. ಬಂಗಾರ ಇಲ್ಲ, ನೀಲಿ ಇಲ್ಲ. ಕಣ್ಣಿದ್ದ ಜಾಗದಲ್ಲಿ ಬರೀ ನುಣುಪು.

“ಬಂದ್ಯಾ? ನೋಡು, ಹ್ಯಾಂಗೆ ಹೊಳೀತಾ ಇದ್ದ” ಎಂದಳು ಆಯಿ. “ಮಿಂದು ಎಷ್ಟು ವರ್ಷ ಆಗಿತ್ತೇನ, ಪಾಪ. ಮೋರೆ ತುಂಬ ಮಸಿ. ಹುಣಸೆಹಣ್ಣು ಹಾಕಿ ಚೊಲೋ ತಿಕ್ಕಿ ತೊಳದಿ.”

ನಾನು ಕೂಗಿದ ಕೂಗಿಗೆ ಬಟ್ಟೆ ವ್ಯಾಪಾರಿಯ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿದರು. “ಅದು ಮಸಿ ಅಲ್ಲ ಆಯಿ, ಬಂಗಾರದ ಬಣ್ಣ. ದೇವರ ಕಣ್ಣನ್ನೇ ತೊಳೆದು ಹಾಕಿದ್ಯಲ” ಎಂದೆ. ಇನ್ನೂ ಏನೇನೋ ಎಂದೆ. ಎಂಬತ್ಮೂರು ವರ್ಷದ ತಾಯಿಗೆ ಹಾಗೆಲ್ಲ ಅನ್ನಬಾರದಿತ್ತು, ಈಗ ನೆನೆದರೂ ನಾಚಿಕೆಯಾಗುತ್ತದೆ. ಆಯಿ ಮೂರ್ತಿಯನ್ನು ಎತ್ತಿಕೊಂಡು, ಸೆರಗಿನಿಂದ ಒರೆಸಿ, ಕಣ್ಣಿನ ಜಾಗವನ್ನು ಬೆರಳಲ್ಲಿ ಸವರಿ ನೋಡಿದಳು. ಆಮೇಲೆ ಬೂದಿ ಬಳಿದ ಕೈಯಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಅಂದಿನಿಂದ ಅವಳ ಊಟ ತಪ್ಪಿತು. ಸಂಕ್ರಾಂತಿಯ ಎಳ್ಳುಬೆಲ್ಲವನ್ನೂ ಬಾಯಿಗೆ ಹಾಕಲಿಲ್ಲ. ಗಂಜಿ ಕೊಟ್ಟರೆ ಎರಡು ಗುಟುಕು ಕುಡಿದು ಲೋಟ ಇಡುವಳು. “ಆ ಕೂಸಿಗೆ ಯನ್ನ ಮೋರೆ ಹ್ಯಾಂಗೆ ತೋರ್ಸದು ತಮಾ? ಅಲ್ಲಿ ಗಂಡ ಮಲಗಿದ್ದ, ಇಲ್ಲಿ ದೇವ್ರ ಕಣ್ಣು ಹೋತು” ಎಂದು ಒಂದೇ ಮಾತು. ಸ್ವೆಟರ್ ಅಕ್ಕನಿಗೆ ಫೋನ್ ಮಾಡಿ ಹೇಳಿಬಿಡುತ್ತೇನೆ ಅಂದರೆ ಬೇಡ, ತಾನೇ ಹೇಳಬೇಕು ಎಂಬ ಹಟ. ಡಾಕ್ಟರು ಬಂದು ಬಿ.ಪಿ. ನೋಡಿ, ಮನಸ್ಸಿಗೆ ಏನು ಹಚ್ಚಿಕೊಂಡಿದ್ದಾರೆ ಎಂದು ನನ್ನನ್ನು ಕೇಳಿದರು. ಈ ಸಲ ಆಯಿ ನಮ್ಮ ಕೈತಪ್ಪಿ ಹೋಗುತ್ತಾಳೆ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ನನಗೂ ಒಂದು ದುರ್ಬುದ್ಧಿ ಬಂತು. ಬಂಗಾರದ ಬಣ್ಣ ತಂದು, ಸಪೂರ ಕುಂಚ ಹಿಡಿದು, ನಾನೇ ಮುಖ ಬರೆದರಾಯಿತು ಎಂದು ಕೂತೆ. ಕಪ್ಪುಹಲಗೆಯ ಮೇಲೆ ನೂರಾರು ಸಲ ಬುದ್ಧನ ಕಣ್ಣು ಬರೆದ ಕೈ ಇದು. ಕುಂಚವನ್ನು ಮೂರ್ತಿಯ ಹತ್ತಿರ ಒಯ್ದವನು ಅಲ್ಲೇ ತಡೆದೆ. ಸ್ವೆಟರ್ ಅಕ್ಕ ದಿನಾ ಎದ್ದು ನೋಡುತ್ತಿದ್ದ ಕಣ್ಣು ಹೇಗಿತ್ತು ಎಂದು ನನಗೆ ನೆನಪೇ ಇರಲಿಲ್ಲ. ಇಪ್ಪತ್ತು ವರ್ಷ ನಾನು ನೋಡಿದ್ದು ಮುದ್ರೆಯನ್ನು, ಶೈಲಿಯನ್ನು. ಬಣ್ಣದ ಡಬ್ಬಿ ಮುಚ್ಚಿಟ್ಟೆ.

ಹೋದ ಒಂಬತ್ತನೆಯ ದಿನ ಸ್ವೆಟರ್ ಅಕ್ಕ ಬಂದಳು. ಗಂಡನ ಆಪರೇಶನ್ ಆಗಿತ್ತು. ಚಪ್ಪಲಿ ಬಿಡುವ ಮೊದಲೇ ಆಯಿ ಗೋಡೆ ಹಿಡಿದುಕೊಂಡು ಹೊರಗೆ ಬಂದು, “ಕೂಸೇ, ನಿನ್ನ ದೇವ್ರನ್ನ ಆನು ಹಾಳು ಮಾಡ್ದಿ” ಎಂದಳು. ತಿಕ್ಕಿದ್ದು, ತೊಳೆದದ್ದು, ಎಲ್ಲ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ. ಹೇಳುವಷ್ಟು ಹೊತ್ತೂ ಗೋಡೆಯಿಂದ ಕೈ ತೆಗೆಯಲಿಲ್ಲ.

ಸ್ವೆಟರ್ ಅಕ್ಕ ಕೋಣೆಗೆ ಹೋಗಿ ಮೂರ್ತಿಯನ್ನು ಕೈಗೆತ್ತಿಕೊಂಡಳು. ನಮಗೆ ಬೆನ್ನು ಮಾಡಿ ನಿಂತಿದ್ದಳು. ಬಹಳ ಹೊತ್ತಾಯಿತು. ತಿರುಗಿದಾಗ ನಗುತ್ತಿದ್ದಳು.

“ಆಯಿ, ನಾನು ಸಣ್ಣವಳಿದ್ದಾಗ ಇವನು ಹೀಗೇ ಇದ್ದ. ಬಣ್ಣ ಎಲ್ಲ ನಾನು ದೊಡ್ಡವಳಾದ ಮೇಲೆ ಅಪ್ಪ ಹಾಕಿಸಿದ್ದು. ನನ್ನ ಅಮ್ಮ ನಮಸ್ಕಾರ ಮಾಡ್ತಿದ್ದದ್ದು ಈ ಮುಖಕ್ಕೇ.”

“ಹೌದನೇ ಕೂಸೇ?”

“ಹೌದು ಆಯಿ. ಈ ಮುಖ ನೋಡಿ ಎಷ್ಟೋ ವರ್ಷ ಆಗಿತ್ತು.”

ಆಯಿ ಅವಳ ಎರಡೂ ಕೈ ಹಿಡಿದು ಅತ್ತಳು. ಅತ್ತು ಮುಗಿಸಿ, ಹಸಿವಾಗ್ತು, ಅನ್ನ ಬಡಿಸು ಎಂದಳು. ಅನ್ನಕ್ಕೆ ಮಾವಿನಕಾಯಿಯ ಅಪ್ಪೆಹುಳಿ ಕಲಸಿಕೊಂಡು ಅವಳು ಉಣ್ಣುವುದನ್ನು ನೋಡಿ ನನಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಕೇಳಬೇಕೆ? ಆಯಿಗೆ ಕೋಡು ಮೂಡಿತು. ತವರಾದ ಹೇರೂರಿಗೆ ಫೋನ್ ಮಾಡಿ, ಬಣ್ಣದೊಳಗೆ ಅಡಗಿದ್ದ ದೇವರ ನಿಜವಾದ ಮೋರೆ ತನ್ನ ಕೈಯಿಂದ ಹೊರಗೆ ಬಂತು ಎಂದು ಬಣ್ಣಿಸಿದಳು. ನಾನೂ ಹಿಂದೆ ಬೀಳಲಿಲ್ಲ. ಯಲ್ಲಾಪುರದಲ್ಲಿ ಶಿಕ್ಷಕರ ಸಭೆಯೊಂದರಲ್ಲಿ ಇದನ್ನೇ ಹೇಳಿದೆ. ನನ್ನ ತಾಯಿ ಕಂಡದ್ದು ಮೀಯದ ದೇವರನ್ನು, ನಾನು ಕಂಡದ್ದು ಕೆಟ್ಟುಹೋದ ಶಿಲ್ಪವನ್ನು, ಸ್ವೆಟರ್ ಅಕ್ಕ ಕಂಡದ್ದು ಅವಳ ತಾಯಿಯ ಕಾಲದ ಮುಖವನ್ನು, ಮೂರ್ತಿ ಮಾತ್ರ ಒಂದೇ ಎಂದೆ. ಚಪ್ಪಾಳೆ ಬಿತ್ತು.

ಮರುವರ್ಷದಿಂದ ಸ್ವೆಟರ್ ಅಕ್ಕ ಶಿರಸಿಗೆ ಬರುವುದು ನಿಂತಿತು. ಗಂಡನನ್ನು ಬಿಟ್ಟು ಬರುವಂತಿರಲಿಲ್ಲ. ಈ ವರ್ಷ ಮಾವಿನಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟು ಆಯಿ ನನ್ನನ್ನು ಕ್ಯಾಂಪಿಗೆ ಅಟ್ಟಿದಳು. ಆ ಮನೆಗೆ ನಾನು ಹೋದದ್ದು ಅದೇ ಮೊದಲು. ಒಳಗೆ ಪೀಠದ ಮೇಲೆ ಬುದ್ಧ ಕೂತಿದ್ದ, ಅದೇ ಬೋಳು ತಾಮ್ರದ ಮುಖ. ಅವಳು ಚಹಾ ಮಾಡಲು ಹೋದಳು. ನಾನು ಗೋಡೆಯ ಕಡೆ ನೋಡಿದೆ.

ಹಳೆಯ ಕಪ್ಪು ಬಿಳುಪು ಫೋಟೊ ತೂಗುಹಾಕಿತ್ತು. ಎಳೆವಯಸ್ಸಿನ ತಾಯಿ ಮೂರ್ತಿಯನ್ನು ಮಡಿಲಲ್ಲಿಟ್ಟು ಕೂತಿದ್ದಾಳೆ. ಪಕ್ಕದಲ್ಲಿ ನಾಲ್ಕೈದು ವರ್ಷದ ಹುಡುಗಿ, ಆ ಕೆನ್ನೆ, ಆ ನಗು ಬೇರೆ ಯಾರದ್ದೂ ಅಲ್ಲ. ಮೂರ್ತಿಯ ಮುಖ ಬೆಳ್ಳಗೆ ಬೆಳಗುತ್ತಿತ್ತು. ಹುಬ್ಬು ಇತ್ತು. ಎಳೆಯಷ್ಟು ಸಪೂರ ಗೆರೆಯಲ್ಲಿ ಬರೆದ ಕಣ್ಣೂ ಇತ್ತು.

ಅವಳು ಚಹಾ ತಂದವಳು ನಾನು ಏನು ನೋಡುತ್ತಿದ್ದೇನೆಂದು ನೋಡಿದಳು. ಲೋಟಗಳನ್ನು ಮೇಜಿನ ಮೇಲಿಟ್ಟಳು.

“ಆಯಿಗೆ ಹೇಳಬೇಡಿ ಮಾಸ್ತರ್.”

ಸಭೆಯಲ್ಲಿ ನಾನು ಹೊಡೆದ ಭಾಷಣ ನೆನಪಾಗಿ ನನ್ನ ಮೇಲೇ ಹೇಸಿಗೆಯಾಯಿತು. ಅವಳು ಅವತ್ತು ಬೆನ್ನು ಮಾಡಿ ನಿಂತಷ್ಟು ಹೊತ್ತು ಮನಸ್ಸಿನಲ್ಲಿ ನೋಡಿದ್ದು ಮೂರ್ತಿಯನ್ನಲ್ಲ, ಗೋಡೆ ಹಿಡಿದು ನಿಂತಿದ್ದ ನನ್ನ ಆಯಿಯನ್ನು.

“ಮತ್ತೆ ಬಣ್ಣ ಯಾಕೆ ಹಾಕಿಸಲಿಲ್ಲ? ಇಲ್ಲಿ ಬರೆಯುವವರು ಇದ್ದಾರಲ್ಲ” ಎಂದೆ.

“ಇದಾರೆ. ಈ ಬೀದಿಯಲ್ಲೇ ಇದಾರೆ. ಆದ್ರೆ ಆಯಿ ಪ್ರತಿ ಸಲ ಫೋನಲ್ಲಿ ಹೇಳ್ತಾರಲ್ಲ, ಒಂದು ದಿನ ಬಂದು ನಿನ್ನ ದೇವರನ್ನ ನೋಡ್ತೆ ಅಂತ. ಬಂದಾಗ ಬಣ್ಣ ಇದ್ರೆ ಅವರಿಗೆ ಗೊತ್ತಾಗ್ತದೆ.”

ಆಯಿ ಈಗ ಗೇಟಿನವರೆಗೂ ನಡೆಯುವುದಿಲ್ಲ. ಅದನ್ನೇ ಹೇಳಿದೆ. “ಇಷ್ಟು ದೂರ ಅವಳು ಇನ್ನು ಬರೋದಿಲ್ಲ. ನೀವು ಕಣ್ಣು ಬರೆಸಿಬಿಡಿ.”

ಅವಳು ಲೋಟವನ್ನು ನನ್ನ ಕೈಗೆ ಕೊಟ್ಟಳು.

“ಬರೋದಿಲ್ಲ ಅಂತ ಆಯಿ ಹೇಳಿದಾರಾ?”

“ಇಲ್ಲ.”

“ಹಾಗಾದ್ರೆ ಇರ್ಲಿ ಮಾಸ್ತರ್” ಎಂದಳು. “ಚಹಾ ಕುಡಿರಿ, ಆರ್ತದೆ.”