ಶನಿವಾರಕ್ಕೊಂದು ಸಾವು

ಸರೋಜಾ ಅಕ್ಕೋರು ಪ್ರತಿ ಶನಿವಾರ ನಮ್ಮಲ್ಲೊಬ್ಬರನ್ನು ಕೊಲ್ಲುತ್ತಿದ್ದರು. ಪದ್ಯದಲ್ಲಿ. ಒಬ್ಬಳನ್ನು ಮಾಗಡಿ ಕೆರೆಯ ಹೆಬ್ಬಾತು ನುಂಗುತ್ತಿತ್ತು, ಇನ್ನೊಬ್ಬ ಮೆಣಸಿನಕಾಯಿ ಬಜಿಯ ಹಿಟ್ಟಿನಲ್ಲಿ ಮುಳುಗಿ ಎಣ್ಣೆಗೆ ಬೀಳುತ್ತಿದ್ದ. ಶಿರಹಟ್ಟಿ ಹತ್ತಿರದ ನಮ್ಮ ಸಣ್ಣ ಊರಿನ ಶಾಲೆಯಲ್ಲಿ, "ಈ ವಾರ ನನ್ನ ಸಾಯಸ್ರೀ ಅಕ್ಕೋರ" ಎಂದು ನಾವು ಜಗಳಾಡುತ್ತಿದ್ದೆವು. ಕೊನೆಯ ಸಾಲು ಬರುವ ಮೊದಲೇ ಅವರಿಗೇ ನಗು ಉಕ್ಕಿ, ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಉಗುರು ಕಚ್ಚುವ ನನ್ನ ಸರದಿ ಹೀಗೆ ಬಂತು:

ಉಗುರು ಕಡಿಯುವ ನೀಲವ್ವ
ಬೆರಳೂ ತಿಂದಳು ರುಚಿಯವ್ವ
ಕೈಯೂ ಕಾಲೂ ತಲೆಯೂ ಖಾಲಿ
ಉಳಿದದ್ದೊಂದೇ ತೇಗವ್ವ!

ನನ್ನ ಗೆಳತಿ ರೇಣುಕಾಳ ಅಪ್ಪ ಬಸವಣ್ಣೆಪ್ಪ ಕಾಕಾ ಒಂದು ದಿನ ಶಾಲೆಗೇ ಬಂದರು.

"ಅಕ್ಕೋರ, ಹುಡುಗೂರಿಗೆ ಸಾವಿನ ಪದ್ಯ ಯಾಕ ಕಲಸ್ತೀರಿ?"

"ನಿಮ್ಮ ಮಗಳು ಅಂಜ್ಯಾಳೇನ್ರಿ?"

"ಇಲ್ರಿ, ಆಕಿ ನಗತಾಳ. ಅಂಜಿದಾವ ನಾನ್ರಿ."

ಅಕ್ಕೋರು ನಗಲಿಲ್ಲ. "ಆತ್ರಿ, ಬಿಡತೀನಿ" ಎಂದರು. ಶನಿವಾರಗಳು ಮಗ್ಗಿಗೆ ಹೋದವು.

ಆ ಮಳೆಗಾಲದಲ್ಲೇ ರೇಣುಕಾಳ ಅಜ್ಜಿ ತೀರಿಕೊಂಡರು. ಅವಳನ್ನು ಸಾಕಿದವರೇ ಆ ಆಯಿ. ಶಾಲೆಗೆ ಮರಳಿದವಳು ಯಾರೊಡನೆಯೂ ಮಾತಾಡಲಿಲ್ಲ. ಶನಿವಾರ ಮಗ್ಗಿಯ ನಡುವೆ ಎದ್ದು ನಿಂತಳು.

"ನಮ್ಮ ಆಯಿ ಖರೇನ ಸತ್ತಾಳರಿ. ಆಕಿಗೆ ಪದ್ಯ ಇಲ್ಲೇನ್ರಿ?"

ಅಕ್ಕೋರು ಮಗ್ಗಿ ಪುಸ್ತಕ ಮುಚ್ಚಿಟ್ಟರು. ಬಳಿಕ, "ಆಯಿ ಏನ್ ಮಾಡತಿದ್ಳವಾ?" ಎಂದರು.

"ಒಲ್ಲೆ ಅಂದ್ರೂ ರೊಟ್ಟಿ ತಿನಸ್ತಿದ್ಳು."

ಅಕ್ಕೋರು ಮೆಲ್ಲಗೆ ಶುರುಮಾಡಿದರು:

ಯಮನ ಮನಿಗೆ ಹೋದಳು ಆಯಿ
"ರೊಟ್ಟಿ ತಿನ್ನಲೇ, ತೆರಿ ಬಾಯಿ!"
ತಿಂದೂ ತಿಂದೂ ಯಮ ದಪ್ಪ...

ಅಲ್ಲಿಗೆ ನಿಲ್ಲಿಸಿ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ರೇಣುಕಾ ಮುಂದುವರಿಸಿದಳು: "ಕೋಣ ಅಂದಿತು, ಇಳಿಯೋ ಅಪ್ಪ!" ಇಡೀ ತರಗತಿ ನಕ್ಕಿತು. ಅವಳೂ ನಕ್ಕಳು, ನಗುತ್ತಲೇ ಅಕ್ಕೋರ ಮಡಿಲಿಗೆ ಬಿದ್ದು ಅತ್ತಳು.

ಸೋಮವಾರ ಬಸವಣ್ಣೆಪ್ಪ ಕಾಕಾ ಬಾಗಿಲಲ್ಲಿ ನಿಂತಿದ್ದರು. ಈ ಪದ್ಯವನ್ನೂ ನಿಲ್ಲಿಸಲು ಬಂದರೆಂದುಕೊಂಡೆವು.

"ಅಕ್ಕೋರ, ಪದ್ಯದಾಗ ನಮ್ಮವ್ವ ಬೈಯೂದನ್ನ ಬಿಟ್ಟೀರಲ್ರಿ. ಅದನ್ನೂ ಸೇರಸ್ರಿ."

ನಿವೃತ್ತಿಯ ನಂತರ ಅಕ್ಕೋರು ಬೆಟಗೇರಿಯಲ್ಲಿದ್ದರು. ಹೋದ ವರ್ಷ ನಾನೂ ರೇಣುಕಾಳೂ ಹೋದಾಗ ಮಲಗಿದಲ್ಲೇ, "ನನ್ನ ಮ್ಯಾಲೊಂದು ಕಟ್ಟರೇ. ಜಲ್ದಿ ಕಟ್ಟರಿ" ಎಂದು ಕಾಡಿದರು. ನಮಗೆ ಎರಡೇ ಸಾಲು ಹೊಳೆದವು:

ಸ್ವರ್ಗಕೆ ಹೋದರು ನಮ್ಮಕ್ಕೋರು
ಹಾಜರಿ ಕರೆದರು: "ಸತ್ತವರ್ಯಾರು?"

ಹಾಸಿಗೆ ಅಲುಗುವಂತೆ ನಕ್ಕರು. "ಮುಂದ?" ಎಂದರು. ಮುಂದಿನದು ಹೊಳೆಯಲಿಲ್ಲ.

ಈ ಸಲ ಹೋದದ್ದು, ತೀರಿಕೊಂಡ ಅಕ್ಕೋರ ಮಣ್ಣಿಗೆ. ಮರಳುವಾಗ ಬಸ್ಸಿನಲ್ಲಿ ರೇಣುಕಾ ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದಳು: "ದೇವರು ಬಂದ ತಡವಾಗಿ..." ನಾನೆಂದೆ, "ಬೆಂಚಿನ ಮೇಲೆ ನಿಂತ ಹೋಗಿ!"

ನಮ್ಮ ನಗು ಕೇಳಿ, ಮಣ್ಣಿಗೇ ಬಂದಿದ್ದ ಮುಂದಿನ ಸೀಟಿನ ಹಿರಿಯರೊಬ್ಬರು ತಿರುಗಿದರು. "ಮಣ್ಣಿಗೆ ಹೋಗಿ ಬಂದು ನಗತೀರೇನವಾ?"

ರೇಣುಕಾ ಅವರಿಗೆ ಇಡೀ ಪದ್ಯ ಹೇಳಿದಳು. ಅವರು ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಮಾತ್ರ ಕುಣಿಯುತ್ತಿತ್ತು.